ಹಲಗೇರಿ ಹಗೇವಿನಲ್ಲಿ ಉಳಿದ ಗುಡ್ಡ

ಆ ಕ್ಯಾಮೆರಾಕ್ಕೆ ನಾನು ಕೊಟ್ಟದ್ದು ಒಂದು ಸೈಕಲ್ಲು, ಒಂದು ಕೈಗಡಿಯಾರ, ಮೇಲೆ ಮೂವತ್ತೈದು ರೂಪಾಯಿ. ಸೈಕಲ್ಲು ಗಟ್ಟಿಯಾಗಿತ್ತು. ಗಡಿಯಾರ ಓಡುತ್ತಿರಲಿಲ್ಲ, ಅದನ್ನು ನಾನೇ ಮೊದಲು ಬಾಯಿಬಿಟ್ಟು ಹೇಳಿದೆ. ನಮ್ಮ ಮಾಲಿನ ಒಂದು ಊನವನ್ನು ನಾವೇ ಹೇಳಿಬಿಟ್ಟರೆ ಎದುರಿನವನು ಉಳಿದದ್ದನ್ನು ಹೆಚ್ಚು ತಿರುವಿ ನೋಡುವುದಿಲ್ಲ. ಇದು ಸಂತೆಯಲ್ಲಿ ಕಲಿತ ವಿದ್ಯೆ.

ಎರಡನೆಯ ಮಹಾಯುದ್ಧ ನಡೆದಿತ್ತು. ಫೋಟೋ ಮೂಡುವ ಗಾಜಿನ ಪ್ಲೇಟು ವಿಲಾಯತಿಯಿಂದ ಬರುವುದು ನಿಂತುಹೋಗಿ, ಹುಬ್ಬಳ್ಳಿಯಲ್ಲಿ ಒಬ್ಬರು ತಮ್ಮ ಸ್ಟುಡಿಯೋ ಮುಚ್ಚಲು ಹೊರಟಿದ್ದರು. ಪ್ಲೇಟಿಲ್ಲದ ಕ್ಯಾಮೆರಾ ಹಾಲು ಬತ್ತಿದ ಎಮ್ಮೆಯಂತೆ, ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಬೆಲೆ ಬಿದ್ದಾಗಲೇ ಕೊಳ್ಳಬೇಕೆಂದು ನಾನು ಹೋದೆ. ಅವರ ಕಪಾಟಿನಲ್ಲಿ ಕೊನೆಯ ಹನ್ನೆರಡು ಪ್ಲೇಟುಗಳ ಒಂದು ಡಬ್ಬಿ ಇತ್ತು. ಅದನ್ನು ಕಂಡೂ ಕಾಣದವನಂತೆ ಒಂದು ತಾಸು ಬರೀ ಕ್ಯಾಮೆರಾದ ಮಾತಾಡಿದೆ. ಹಣ ಕೈಗಿಡುವ ಹೊತ್ತಿಗೆ, "ಆ ಡಬ್ಬಿ ಇಟಗೊಂಡು ನೀವರ ಏನ್ ಮಾಡ್ತೀರಿ?" ಎಂದು ಅದನ್ನೂ ಚೀಲಕ್ಕೆ ಹಾಕಿಕೊಂಡೆ. ಅವರು ಬೇಡ ಎನ್ನುವುದರೊಳಗೆ ಮೆಟ್ಟಿಲಿಳಿದಿದ್ದೆ.

ಕೊಟ್ಟ ಸೈಕಲ್ಲು ಸಾಮಾನ್ಯದ್ದಲ್ಲ. ಅದರ ಮೇಲೆ ಕುಪ್ಪಸದ ಖಣ, ಧೋತರ, ಟವೆಲ್ಲಿನ ಗಂಟು ಹೇರಿಕೊಂಡು ನಾನು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸಂತೆಗಳನ್ನು ತಿರುಗುತ್ತಿದ್ದೆ. ಕ್ಯಾಮೆರಾ ಕೈಹಿಡಿಯದಿದ್ದರೆ ಅದೇ ಗಂಟನ್ನು ತಲೆಯ ಮೇಲೆ ಹೊತ್ತು ನಡೆಯಬೇಕಿತ್ತು. ಹೀಗಾಗಿ ಆ ವರ್ಷ ಶ್ರಾವಣದಿಂದ ದಸರೆಯವರೆಗೆ ನಾನು ಒಂದು ಕಡೆ ನಿಂತದ್ದಿಲ್ಲ, ಕೂತದ್ದಂತೂ ಇಲ್ಲವೇ ಇಲ್ಲ.

ಇದೆಲ್ಲ ಈಗ ನೆನಪಾಗಲು ಒಂದು ವಾಸನೆ ಕಾರಣ. ಹೋದ ತಿಂಗಳು ಮದುವೆಯೊಂದರ ಫೋಟೋ ತೆಗೆಯಲು ಹಲಗೇರಿಗೆ ಹೋಗಿದ್ದೆ. ಆ ಮನೆಯ ಅಂಗಳದಲ್ಲಿ ಹಳೆಯ ಹಗೇವೊಂದಕ್ಕೆ ಮಣ್ಣು ಸುರಿದು ಮುಚ್ಚುತ್ತಿದ್ದರು. ನಮ್ಮ ಕಡೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜವದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ, ಒಳಗೆ ಕೊಡದ ಹೊಟ್ಟೆಯಂತೆ ಅಗಲ. ಮುಗ್ಗಿದ ಜೋಳದ ಬೆಚ್ಚನೆಯ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಅರವತ್ತು ದಾಟಿದ ನಾನು ಎರಡು ಹೆಜ್ಜೆ ಹಿಂದಕ್ಕೆ ಹಾರಿದೆ. ಮದುಮಗನ ಗೆಳೆಯರು ನಕ್ಕರು. ನಗಲಿ, ಅವರು ಅದರೊಳಗೆ ಇಳಿದವರಲ್ಲ.

ಆ ಮಳೆಗಾಲ ಒಂದು ನಾಟಕ ಕಂಪನಿ ಹಾವೇರಿಯಲ್ಲಿ ಮೊಕ್ಕಾಂ ಮಾಡಿತ್ತು. ಕಂಪನಿಯ ಮಾಲಕರು ದಸರೆಗೆ ಹೊಸ ನಾಟಕ ಹೂಡಿ ಅದಕ್ಕೆ ಹೊಸ ಪರದೆ ಬರೆಸುವವರಿದ್ದರು. ಹಳೆಯ ಪರದೆಗಳೆಲ್ಲ ಯಾವುದೋ ಪರದೇಶದ ಚಿತ್ರ ನೋಡಿ ಬರೆದವು.

"ಗುಡ್ಡದ ಮ್ಯಾಲ ಹಿಮಾ, ಹೊಳಿಯಾಗ ಹಂಸ," ಎಂದು ಮಾಲಕರು ನನ್ನೆದುರು ಹಣೆ ಚಚ್ಚಿಕೊಂಡರು. "ಮೊನ್ನೆ ಹಿಂದ ಕುಂತಾಂವೊಬ್ಬ ಒದರಿದಾ, 'ಆ ಗುಡ್ಡಕ್ಕ ಸುಣ್ಣಾ ಹೊಡದವರು ಯಾರಲೇ?' ಅಂತ. ಅಳಾಕತ್ತಿದ್ದ ನಾಯಕಿ ನಕ್ಕಬಿಟ್ಟಳು. ನಾಟಕ ಅಲ್ಲಿಗೆ ಮುಗೀತು."

"ನಮ್ಮ ಹೊಳಿ, ನಮ್ಮ ಗುಡ್ಡದ ಫೋಟೋ ನಾ ತಂದು ಕೊಡ್ತೇನ್ರಿ," ಎಂದೆ.

ನಾಲ್ಕು ನೋಟಗಳಿಗೆ ಮಾತಾಯಿತು: ತುಂಬಿದ ಹೊಳೆ, ಎರಡು ಹೊಳೆ ಕೂಡುವ ಸಂಗಮ, ಹೊಲದ ನಡುವಿನ ದಾರಿ, ಮೋಡ ಹೊತ್ತ ಗುಡ್ಡ. ಅವರು ರೊಕ್ಕದ ಮಾತೆತ್ತಿದರು, ನಾನು ಬೇಡವೆಂದೆ. ಕಂಪನಿಯ ಕರಪತ್ರಗಳ ಅಚ್ಚು ಮುಂಬಯಿಯಲ್ಲಿ ಆಗುತ್ತಿತ್ತು, ತಿಂಗಳಿಗೊಮ್ಮೆ ಅವರ ಮನುಷ್ಯ ಅಲ್ಲಿಗೆ ಹೋಗಿಬರುತ್ತಿದ್ದ. ಒಂದು ವರ್ಷ ಕಂಪನಿಯ ಫೋಟೋ ಎಲ್ಲ ನಾನೇ ತೆಗೆಯಬೇಕು, ಅದಕ್ಕೆ ಪ್ಲೇಟುಗಳನ್ನು ಆ ಮನುಷ್ಯ ಮುಂಬಯಿಯಿಂದ ಹೊಂದಿಸಿ ತರಬೇಕು, ಇಷ್ಟೇ ನನ್ನ ಬೇಡಿಕೆ. ಇದ್ದ ಹನ್ನೆರಡು ಮುಗಿದ ಮೇಲೆ ನನ್ನ ಕ್ಯಾಮೆರಾ ಕೂಡ ಬತ್ತಿದ ಎಮ್ಮೆಯೇ ಅಲ್ಲವೇ?

"ಆಗ್ಲಿ," ಎಂದರು ಮಾಲಕರು. "ಆದ್ರ ನಾಕರಾಗ ಒಂದು ಕಮ್ಮಿ ಆದ್ರೂ ಕರಾರಿಲ್ಲ."

ಜೊತೆಗೆ ಅವರ ಪರದೆ ಬರೆಯುವ ಹುಸೇನಸಾಬರನ್ನು ಕಳಿಸಿದರು. ಪ್ಲೇಟು ಆಕಾರ ಹಿಡಿಯುತ್ತದೆ, ಬಣ್ಣ ಹಿಡಿಯುವುದಿಲ್ಲ, ಅದಕ್ಕೆ ಬಣ್ಣ ನೋಡಲು ಅವರು. ಐವತ್ತೈದರ ಆಸುಪಾಸಿನ ಮನುಷ್ಯ, ನಾನು ಕಾಕಾ ಎನ್ನುತ್ತಿದ್ದೆ. ಅವರ ಕೆಲಸದ ರೀತಿ ವಿಚಿತ್ರ. ಕಾಗದ ಇಲ್ಲ, ಕುಂಚ ಇಲ್ಲ. ನನ್ನ ಗಂಟಿನಲ್ಲಿ ಉಳಿದಿದ್ದ ಖಣದ ತುಂಡು, ಧೋತರದ ಅಂಚು, ಸೀರೆಯ ಚಿಂದಿ ಎಲ್ಲ ಕೇಳಿ ಒಂದು ಚೀಲಕ್ಕೆ ತುಂಬಿಕೊಂಡರು. ಒಂದು ನೋಟದ ಮುಂದೆ ಕೂತರೆ ಆಕಾಶದಿಂದ ಹಿಡಿದು ಕಾಲಬುಡದ ಮಣ್ಣಿನವರೆಗೆ ಒಂದೊಂದು ಬಣ್ಣಕ್ಕೂ ಹೊಂದುವ ಚಿಂದಿ ಹುಡುಕಿ ಒಂದು ದಾರಕ್ಕೆ ಮೇಲಿಂದ ಕೆಳಗೆ ಗಂಟು ಹಾಕುತ್ತಿದ್ದರು. ಒಂದು ನೋಟಕ್ಕೆ ಒಂದು ದಾರ.

ತಿರುಗಾಟದ ಕೂಲಿಯೆಂದು ಅವರು ನನ್ನ ಹತ್ತಿರ ದಿನಕ್ಕೆ ಎರಡು ರೂಪಾಯಿ ಕೇಳಿದರು. ನಾನು ಒಂದೂವರೆಗೆ ಇಳಿಸಿದೆ. ಆ ಎಂಟಾಣೆಯ ಮಾತನ್ನು ಅವರು ಸಾಯುವವರೆಗೆ ಬಿಡಲಿಲ್ಲ.

ಹೊರಟೆವು. ಪೆಟ್ರೋಲ್ ಇಲ್ಲದ ಕಾಲ. ಬಸ್ಸು ಇದ್ದಿಲಿನ ಹೊಗೆಯಿಂದ ಓಡುತ್ತಿತ್ತು, ಏರು ಬಂದರೆ ಎಲ್ಲರೂ ಇಳಿದು ನೂಕಬೇಕು. ನನಗೆ ಅದೇ ಹಿತ, ಕೂತಿರುವುದಕ್ಕಿಂತ ನೂಕುವುದು ಮೇಲು. ಕಾಕಾ ಮಾತ್ರ ಇಳಿಯುತ್ತಿರಲಿಲ್ಲ. "ಒಂದೂವರಿ ರೂಪಾಯಿಗೆ ನೂಕೂದು ಬರೂದಿಲ್ಲ," ಎಂದು ಕಿಟಕಿಯಿಂದ ಹೇಳುತ್ತಿದ್ದರು.

ಗಳಗನಾಥದಲ್ಲಿ ಹೊಳೆ ತುಂಬಿ ನಿಂತಿತ್ತು. ನಾನು ಗುಡಿಯ ಮಗ್ಗುಲಿಂದ ಒಂದು ಫೋಟೋ ಹೊಡೆದೆ, ತೃಪ್ತಿಯಾಗಲಿಲ್ಲ. ದಂಡೆ ಹಿಡಿದು ಓಡಿ ಇನ್ನೊಂದು. ಬಿಸಿಲು ಬಂದಾಗ ಒಂದು, ಮೋಡ ಕವಿದಾಗ ಒಂದು. ಕಾಲಿಗೆ ಇರುವೆ ಮುತ್ತಿದಂತೆ ಒಂದೆಡೆ ಸ್ಟ್ಯಾಂಡ್ ಊರುವುದು, ಇನ್ನೊಂದು ಜಾಗ ಚಂದ ಕಾಣುವುದು, ಕಿತ್ತುಕೊಂಡು ಅಲ್ಲಿಗೆ ಓಡುವುದು. ಎರಡು ದಿನದಲ್ಲಿ ಆರು ಪ್ಲೇಟು ಮುಗಿದವು. ಕಾಕಾ ಎರಡೂ ದಿನ ಒಂದೇ ಕಲ್ಲಿನ ಮೇಲೆ ಕೂತಿದ್ದರು.

"ಚನ್ನಪ್ಪಾ, ಇಲ್ಲಿ ಬಾ. ವರದಾ ನೋಡು, ಕಾವಿ ಬಣ್ಣ. ತುಂಗಭದ್ರಾ ನೋಡು, ಹಸರು. ಕೂಡಿದ ಮ್ಯಾಲೂ ಎಷ್ಟ ದೂರ ಬ್ಯಾರೆ ಬ್ಯಾರೆ ಹರೀತಾವ, ಹೊಸಾ ಸೊಸಿ ಅತ್ತಿ ಒಂದ ಮನ್ಯಾಗ ಇದ್ದಂಗ. ನಿನ್ನ ಪೆಟಗಿಗೆ ಇದು ಕಾಣತೈತೇನು?"

"ಕೆಂಪು ಕಾಣೂದಿಲ್ಲ ಕಾಕಾ. ಕುಂಕುಮ ಸುದ್ದಾ ಕರ್ರಗ ಬರತೈತಿ."

"ಮತ್ತ ಹಂಗ್ಯಾಕ ಓಡಾಡ್ತಿ? ಕುಂದ್ರು."

"ಕುಂತ್ರ ಬಿಸಿಲು ಹೋಕ್ಕೈತಿ."

"ಹೋಗ್ಲಿ. ಬರಬೇಕಾದ್ದು ಇನ್ನೂ ಬಂದಿಲ್ಲ." ಅವರು ಹಸಿರು ಖಣದ ಚೂರೊಂದನ್ನು ನೀರಿನ ಕಡೆ ಹಿಡಿದು, ಒಲ್ಲದೆ, ಇನ್ನೊಂದನ್ನು ಹುಡುಕತೊಡಗಿದರು.

ಇಲ್ಲಿ ನನ್ನ ಕೆಲಸದ ತೊಡಕು ಹೇಳಬೇಕು. ನನ್ನ ಹತ್ತಿರ ಪ್ಲೇಟು ಕೂಡಿಸುವ ಚೌಕಟ್ಟು ಒಂದೇ, ಅದಕ್ಕೆ ಎರಡು ಪ್ಲೇಟು. ಎರಡು ಹೊಡೆದ ಮೇಲೆ ಅವನ್ನು ತೆಗೆದು ಹೊಸವನ್ನು ಕೂಡಿಸಲು ಕಾರ್ಗತ್ತಲು ಬೇಕು, ಬೆಳಕು ಸೋಕಿದರೆ ಪ್ಲೇಟು ಕೆಟ್ಟಂತೆ. ಹಗಲಲ್ಲಿ ಹಳ್ಳಿಯಲ್ಲಿ ಕತ್ತಲು ಎಲ್ಲಿ ಸಿಗುತ್ತದೆ? ನಮ್ಮ ಮಣ್ಣಿನ ಮನೆಗಳಿಗೆಲ್ಲ ಮಾಳಿಗೆಯಲ್ಲಿ ಬೆಳಕಿಂಡಿ. ಆಗ ನನಗೆ ಹೊಳೆದದ್ದು ಹಗೇವು. ಬರಿದಾದ ಹಗೇವಿಗೆ ಇಳಿದು ಬಾಯಿಗೆ ಕಂಬಳಿ ಹಾಸಿಸಿದರೆ ಅಮಾವಾಸ್ಯೆಗಿಂತ ಕತ್ತಲು, ಬಾಡಿಗೆಯೂ ಇಲ್ಲ. ಗಳಗನಾಥದಲ್ಲಿ ಗೌಡರ ಹಳೇ ಹಗೇವಿನಲ್ಲಿ ಹೀಗೇ ಮಾಡಿದೆ. ಕಾಕಾ ಮೊದಲು ಕಂದೀಲು ಇಳಿಬಿಟ್ಟು ನೋಡಿದರು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದು ಅರ್ಥ, ಇದು ಒಕ್ಕಲುತನದವರಿಗೆಲ್ಲ ಗೊತ್ತಿದ್ದದ್ದೇ. ಆಮೇಲೆ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, "ಒಳಗ ಮಾತಾಡಕೋತ ಇರು. ಹಂಗೂ ನಿನಗದು ತ್ರಾಸ ಅಲ್ಲ," ಎಂದರು. ನಾನು ಒಳಗಿಂದಲೇ ಗೌಡರಿಗೆ ಹತ್ತಿಯ ಧಾರಣೆಯ ಬಗ್ಗೆ ಬುದ್ಧಿ ಹೇಳುತ್ತ ಪ್ಲೇಟು ಬದಲಿಸಿ ಮೇಲೆ ಬಂದೆ.

ಕಾಗಿನೆಲೆಯ ಹತ್ತಿರ ಹೊಲದ ನಡುವೆ ಬಂಡಿಜಾಡು ಹಾವಿನಂತೆ ಹೊರಳುವ ಜಾಗ ಸಿಕ್ಕಿತು. ಎರಡು ಹೊಡೆದೆ. ಚೌಕಟ್ಟು ತುಂಬಿತು, ಡಬ್ಬಿಯಲ್ಲಿ ನಾಲ್ಕು ಉಳಿದವು. ಇನ್ನು ಗುಡ್ಡವೊಂದೇ ಬಾಕಿ. ಹಲಗೇರಿಯ ಆಚೆ ಗುಡ್ಡದ ಸಾಲು ಚೆನ್ನಾಗಿ ಕಾಣುತ್ತದೆಂದು ಕೇಳಿದ್ದೆವು. ಕಾಗಿನೆಲೆಯಲ್ಲೇ ಪ್ಲೇಟು ಬದಲಿಸಿಕೊಂಡು ಹೋಗು ಎಂದರು ಕಾಕಾ. ಬಸ್ಸು ಹೊರಟಿತ್ತು. ನಾನು ಹತ್ತಿಬಿಟ್ಟೆ.

ಹಲಗೇರಿ ಮುಟ್ಟಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಗುಡ್ಡದ ಮೇಲೆ ಮೋಡ ಒಂದರ ಮೇಲೊಂದು ಏರುತ್ತಿತ್ತು, ಪಡುವಣದಲ್ಲಿ ಆಕಾಶ ಹರಿದು ಬಿಸಿಲಿಗೆ ದಾರಿಯಾಗುವಂತಿತ್ತು. ಇಂಥದ್ದನ್ನೇ ಎರಡು ತಿಂಗಳಿಂದ ಅರಸಿದ್ದೆ. ಊರ ಹೊರಗಿನ ಒಂದು ಅಂಗಳದಲ್ಲಿ ಹಗೇವು ತೆರೆದಿತ್ತು. ಪಕ್ಕದಲ್ಲಿ ನಿಂಗವ್ವ ಎಂಬ ಮುದುಕಿ ಜೋಳ ಹರವಿಕೊಂಡು ಕೂತಿದ್ದಳು.

"ದೊಡ್ಡವ್ವಾ, ನಿನ್ನ ಹಗೇವಿನಾಗ ಒಂದು ಗಳಿಗಿ ಇಳೀತೇನಿ," ಎಂದೆ.

"ಯಾಕೋ? ಅತ್ತಿ ಮನಿ ಅಂತ ಮಾಡೀಯೇನು?"

ಪ್ಲೇಟಿನ ವಿಷಯ ಹೇಳಿದೆ. ಅವಳು ಗುಡ್ಡ ನೋಡಿದಳು, ಕ್ಯಾಮೆರಾ ನೋಡಿದಳು, ನನ್ನ ಮುಖ ನೋಡಿದಳು. "ಇವತ್ತ ಮುಂಜಾನೆ ತಗದದ್ದು. ಇನ್ನೂ ಅರ್ಧಾ ಜ್ವಾಳ ಐತಿ ಒಳಗ. ಸಂಜೀತನಕ ಗಾಳಿ ಆಡ್ಲಿ. ಆಮ್ಯಾಲ ಕಂದೀಲ ಬಿಟ್ಟು ನೋಡಿ ಇಳಿ."

"ಸಂಜೀತನಕ ಮೋಡ ಕಾಯ್ತೈತೇನವ್ವಾ?"

"ಕಂದೀಲರ ತರ್ತೇನಿ ತಡಿ," ಎಂದರು ಕಾಕಾ.

"ಕಂದೀಲ ಹುಡುಕಿ, ಹಚ್ಚಿ, ಇಳಿಸಿ, ಅಷ್ಟೊತ್ತಿಗೆ ಬಿಸಿಲು ಗುಡ್ಡ ದಾಟಿರತೈತಿ. ನಾ ಯಾಡ ಮಿನೀಟಿನಾಗ ಬರ್ತೇನಿ."

ಕಾಕಾ ಹಗ್ಗ ಬಿಗಿದರು, ಎಂದಿಗಿಂತ ಒಂದು ಸುತ್ತು ಹೆಚ್ಚು. ಗಳಗನಾಥದ ಆರು ಪ್ಲೇಟಿನ ಪೆಟ್ಟಿಗೆಯನ್ನೂ ಒಯ್ಯಲು ಕೈ ಚಾಚಿದೆ, ಎಲ್ಲವನ್ನೂ ಒಟ್ಟಿಗೆ ಹೊಂದಿಸಿಬಿಡೋಣವೆಂದು. ಅವರು ಅದರ ಮೇಲೆ ಕೂತುಬಿಟ್ಟರು. "ಇದು ನನ್ನ ಕುರ್ಚಿ. ಕೊಡೂದಿಲ್ಲ."

ಇಳಿದೆ. ಮೇಲೆ ಕಂಬಳಿ ಬಿತ್ತು. ಜೋಳದ ಮೇಲೆ ಮೊಣಕಾಲೂರಿ ಡಬ್ಬಿಯ ಮುಚ್ಚಳ ತೆಗೆದೆ, ಚೌಕಟ್ಟು ಬಿಚ್ಚಿದೆ. ಬೆರಳಿಗೆ ಕಾಳು ತಾಗಿದವು, ಒಳ್ಳೆಯ ಬಿಳಿಜೋಳ. ಹೇಗೂ ಮಾತಾಡುತ್ತಿರಬೇಕಲ್ಲ ಎಂದು ಕೂಗಿದೆ, "ದೊಡ್ಡವ್ವಾ, ಈ ಜ್ವಾಳಾ ಚೀಲಕ್ಕ ಹೆಂಗ ಕೊಡ್ತಿ?"

"ಒಂಬತ್ತು!" ಎಂದಳು ಮೇಲಿಂದ.

"ಮುಗ್ಗ ವಾಸನಿ ಐತಿ. ಏಳು!"

"ನಿನ್ನ ಮೂಗ ಮುಗ್ಗೈತಿ. ಎಂಟೂವರಿ!"

ಏಳೂಕಾಲು ಎನ್ನಬೇಕೆಂದುಕೊಂಡದ್ದು ನೆನಪಿದೆ. ಅಂದದ್ದು ನೆನಪಿಲ್ಲ. ಹಣೆಯಲ್ಲಿ ಸುತ್ತಿಗೆ ಬಡಿದಂತಾಯಿತು, ಉಸಿರು ಎಳೆದರೂ ಎದೆ ತುಂಬಲೊಲ್ಲದು, ಮೈ ಬೆಚ್ಚಗೆ ಜೋಳದೊಳಗೆ ಇಳಿಯತೊಡಗಿತು.

ಮುಂದಿನದು ನಿಂಗವ್ವ ಊರೆಲ್ಲ ಹೇಳಿಕೊಂಡು ತಿರುಗಿದ್ದು. ಅವಳು "ಎಂಟೂವರಿ" ಅಂದು ಕಾದಳಂತೆ. ಇನ್ನೊಮ್ಮೆ ಅಂದಳಂತೆ. ಆಮೇಲೆ ಕಾಕಾನ ಮುಖ ನೋಡಿ, "ಇಂವ ಏನೂ ಅನ್ನವಲ್ಲ!" ಎಂದಳಂತೆ. ಕಾಕಾ, "ಯಾಡ ಸಲ ಧಾರಣಿ ಕೇಳೀನೂ ಇಂವ ಸುಮ್ಮನದಾನಂದ್ರ ಇಂವಗೇನೋ ಆತು, ಎಳಿ ದೊಡ್ಡವ್ವಾ!" ಎಂದು ಕಂಬಳಿ ಕಿತ್ತು ಬಿಸುಟು ಹಗ್ಗಕ್ಕೆ ಬಿದ್ದರು. ಇಬ್ಬರು ವಯಸ್ಸಾದವರು, ನನ್ನಂಥ ದಢೂತಿ ಆಳು. ಹೇಗೆ ಎಳೆದರೋ ಅವರೇ ಬಲ್ಲರು. ಮೊದಲು ನನ್ನ ತಲೆ ಬಂತಂತೆ, ಆಮೇಲೆ ನಾನು ಬಂದೆನಂತೆ.

ಎಚ್ಚರವಾದಾಗ ಮುಖದ ಮೇಲೆ ನೀರು, ಕಿವಿಯಲ್ಲಿ ನಿಂಗವ್ವನ ಬೈಗುಳ. "ಹುಚ್ಚ ಖೋಡಿ! ನೀ ಒಳಗ ಸತ್ತಿದ್ರ ನನ್ನ ಜ್ವಾಳ ಯಾರು ತಿಂತಿದ್ರೋ? ಏಳಕ್ಕೂ ಹೋಗ್ತಿದ್ದಿಲ್ಲ!"

"ಪ್ಲೇಟು," ಎಂದೆ.

ಕಾಕಾ ಹಗೇವಿನ ಬಾಯಿಯ ಕಡೆ ನೋಡಿದರು. ನನಗೆ ಅರ್ಥವಾಯಿತು. ತೆರೆದ ಡಬ್ಬಿ, ಬಿಚ್ಚಿದ ಚೌಕಟ್ಟು ಒಳಗೆ ಬಿದ್ದಿದ್ದವು. ನನ್ನನ್ನು ಬದುಕಿಸಲು ಕಂಬಳಿ ಕಿತ್ತಾಗ ನುಗ್ಗಿದ ಬೆಳಕು ಕಾಗಿನೆಲೆಯ ಎರಡನ್ನೂ ಉಳಿದ ನಾಲ್ಕನ್ನೂ ತಿಂದಿತ್ತು.

ಏಳಲು ಹೋದೆ, ಕಾಲು ಬರಲಿಲ್ಲ. ಹೊರಸಿನ ಮೇಲೆ ಮಲಗಿಸಿದರು. ಆಗ ಬಿಸಿಲು ಬಂತು. ಪಡುವಣ ಮೋಡ ಸೀಳಿ ಗುಡ್ಡದ ಬೆನ್ನಿನ ಮೇಲೆ ಬಿದ್ದು, ಒಂದು ದಿಬ್ಬ ಬೆಳಗಿ ಅದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತ ನಡೆಯಿತು. ಮೋಡದ ಹೊಟ್ಟೆ ನೇರಳೆ, ಅಂಚು ಕುಸುಬಿ ಹೂವಿನ ಕೆಂಪು, ಬುಡದಲ್ಲಿ ಕರಿಯ ಎರೆಹೊಲ ಎಣ್ಣೆ ಸವರಿದಂತೆ ಮಿನುಗುತ್ತಿತ್ತು. ನನ್ನ ಬೆರಳುಗಳು ತಾವಾಗಿಯೇ ಲೆನ್ಸಿನ ಮುಚ್ಚಳ ತೆಗೆಯುವ ಆಟ ಆಡುತ್ತಿದ್ದವು. ಎದುರಿಗೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ, ಒಳಗೆ ಏನೂ ಇಲ್ಲ. ಎದ್ದು ಹೋಗಲೂ ಆಗದು. ಹಾಗೆ ಮಲಗಿ ಆ ಮಳೆಗಾಲದಲ್ಲಿ ಮೊದಲ ಸಲ ನಾನು ಒಂದು ನೋಟವನ್ನು ಮೊದಲಿಂದ ಕೊನೆಯವರೆಗೆ ನೋಡಿದೆ. ಹಿತವೆನಿಸಿತೆಂದು ಸುಳ್ಳು ಹೇಳುವುದಿಲ್ಲ. ಕಣ್ಣೆದುರೇ ಗಿರಾಕಿ ಎದ್ದುಹೋದಂತೆ ಸಂಕಟವಾಯಿತು.

ಕಾಕಾ ಪೆಟ್ಟಿಗೆಯ ಮೇಲೆ ಕೂತು ದಾರಕ್ಕೆ ಚಿಂದಿ ಕಟ್ಟುತ್ತಿದ್ದರು. ಅಂಗೈ ಹಗ್ಗಕ್ಕೆ ಸುಲಿದಿತ್ತು. "ಹಗ್ಗಾ ಎಳಿಯೂದು ಒಂದೂವರಿ ರೂಪಾಯಾಗ ಬರೂದಿಲ್ಲ," ಎಂದರು, ಗುಡ್ಡದಿಂದ ಕಣ್ಣು ತೆಗೆಯದೆ.

ಹಾವೇರಿಗೆ ಮರಳಿ, ಚಿತ್ರ ಮೂಡಿಸಲು ಪ್ಲೇಟು ತೊಳೆದೆ. ಹಗೇವಿನಿಂದ ಎತ್ತಿದ ಆರೂ ಕಾಡಿಗೆಯಂತೆ ಕಪ್ಪು. ಗಳಗನಾಥದ ಆರರಲ್ಲಿ ನಾಲ್ಕು ನನ್ನ ಅವಸರಕ್ಕೆ ಅಲುಗಿದ್ದವು. ಉಳಿದ ಎರಡು ಚೊಕ್ಕವಾಗಿದ್ದವು: ಹೊಳೆ ಒಂದು, ಸಂಗಮ ಒಂದು.

"ಯಾಡು," ಎಂದರು ಮಾಲಕರು. "ನಾ ಅಂದದ್ದು ನಾಕು."

ನಾನು ಎರಡನ್ನೂ ಅವರ ಮುಂದೆ ಇನ್ನಷ್ಟು ಹತ್ತಿರ ಸರಿಸಿದೆ. ತಲೆಯ ಮೇಲಿನ ಗಂಟಿನ ಭಾರ ಆಗಲೇ ಕುತ್ತಿಗೆಗೆ ತಿಳಿಯುತ್ತಿತ್ತು.

ಕಾಕಾ ಗೋಡೆಗೆ ಒರಗಿದ್ದವರು ಮುಂದೆ ಬಂದರು. "ಮಾಲಕರ, ನಿಮ್ಮ ನಾಟಕದಾಗ ಕಟ್ಟೂದು ಫೋಟೋನೋ ಪರದೇನೋ? ಯಾಡು ಫೋಟೋ ನೋಡಿ ಬರಿತೇನಿ. ಉಳದ ಯಾಡು ನಾ ನೋಡೇನಿ, ಇಂವನೂ ನೋಡ್ಯಾನ. ಬರದ ಮ್ಯಾಲ ಹೇಳ್ರಿ."

ಮಾಲಕರು ಮೀಸೆ ತಿರುವಿದರು. "ಬರಿ. ಆದ್ರ ಸುಣ್ಣದ ಗುಡ್ಡ ಅಂತ ಇನ್ನೊಮ್ಮೆ ಯಾರರ ನಕ್ರ, ಕರಾರು ಹರದಂಗ."

ಹನ್ನೆರಡು ದಿನ ತಗಡಿನ ಥೇಟರಿನ ನೆಲದ ಮೇಲೆ ಕಾಕಾ ಬಟ್ಟೆ ಹಾಸಿ ಬರೆದರು. ದಾರಗಳು ಮುಂದೆ ತೂಗುತ್ತಿದ್ದವು. ನಾನು ಬಣ್ಣ ಅರೆದೆ, ಸರೇಸಿನ ಅಂಟು ಕಾಯಿಸಿದೆ, ಮೂಲೆಯಿಂದ ಮೂಲೆಗೆ ತಿರುಗಿದೆ. ಗುಡ್ಡದ ದಿಬ್ಬಗಳಲ್ಲಿ ಬಿಸಿಲು ಯಾವುದನ್ನು ಮೊದಲು ಹಿಡಿಯಿತೆಂದು ಅವರು ಕೇಳುತ್ತಿದ್ದರು. ನನಗೆ ಎಲ್ಲವೂ ಕ್ರಮವಾಗಿ ನೆನಪಿತ್ತು. ಗಳಗನಾಥದಲ್ಲಿ ಎರಡು ದಿನ ಕಳೆದಿದ್ದೆ, ಅಲ್ಲಿಯದು ಇಷ್ಟು ನೆನಪಿರಲಿಲ್ಲ.

ದಸರೆಯ ಮೊದಲಿನ ಸಂತೆಯ ದಿನ, ಹಗಲಲ್ಲೇ, ಪರದೆಗಳನ್ನು ಎತ್ತಿ ಇಳಿಸಿ ನೋಡುತ್ತಿದ್ದೆವು. ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ನಿಂಗವ್ವ ಜೋಳದ ಚೀಲದೊಂದಿಗೆ ಬಂಡಿಯಲ್ಲಿ ಹಾವೇರಿ ಸಂತೆಗೆ ಬಂದವಳು, ವಿಳಾಸ ಕೇಳಿಕೊಂಡು ನನ್ನನ್ನು ಹಿಡಿಯಲು ಬಂದಿದ್ದಳು. "ಎಂಟೂವರಿ ಅಂದೇನಿ! ಇನ್ನೂ ಉತ್ತರಾ ಬಂದಿಲ್ಲ!"

ಅದೇ ಕ್ಷಣಕ್ಕೆ ಗುಡ್ಡದ ಪರದೆ ಇಳಿಯಿತು. ಅವಳ ಕೈ ಹಾಗೆಯೇ ಗಾಳಿಯಲ್ಲಿ ನಿಂತಿತು. ಮಾಲಕರು ಪರದೆ ಬಿಟ್ಟು ಅವಳ ಮುಖ ನೋಡತೊಡಗಿದರು. ನಾನೂ ಅದನ್ನೇ ನೋಡುತ್ತಿದ್ದೆ. ನನ್ನ ವರ್ಷವೆಲ್ಲ ಆ ಮುದುಕಿಯ ಬಾಯಿಯಲ್ಲಿತ್ತು.

"ಯವ್ವಾ," ಎಂದಳು. "ಇದು ನಮ್ಮ ಅಂಗಳದಾಗಿಂದ ಕಾಣೂ ಗುಡ್ಡ. ಅವತ್ತ ಸಂಜಿಮುಂದ ಹಿಂಗ ಇತ್ತು." ಹತ್ತಿರ ಹೋಗಿ, ಬಾಗಿ, ಕೆಳಗಿನ ಮೂಲೆಯಲ್ಲಿ ಬೆರಳಿಟ್ಟಳು. ಅಲ್ಲಿ ಹೊಲದಂಚಿಗೆ ಒಂದು ಚಿಕ್ಕ ಕಪ್ಪು ಕುಳಿ, ಪಕ್ಕದಲ್ಲಿ ಸುರುಳಿ ಸುತ್ತಿದ ಹಗ್ಗ. ನಾನೂ ಆಗಲೇ ಮೊದಲ ಸಲ ನೋಡಿದ್ದು. ಕಾಕಾ ಅದನ್ನು ನನಗೆ ಕಾಣದಂತೆ ಯಾವಾಗಲೋ ಬರೆದಿದ್ದರು.

"ಇದೇನು ಕರ್ರಗ?" ಎಂದರು ಮಾಲಕರು.

"ಅದು ಇಂವ ತಗದ ಕೊನೀ ಫೋಟೋರಿ," ಎಂದರು ಕಾಕಾ. "ಆರೂ ಹಿಂಗ ಬಂದಾವ."

ಮಾಲಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಂಗವ್ವನೂ ನಕ್ಕಳು. ಆ ನಗೆ ಸುಣ್ಣದ ಗುಡ್ಡಕ್ಕೆ ನಕ್ಕ ನಗೆಯಲ್ಲ. ಮಾರನೆಯ ದಿನ ಕರಾರಾಯಿತು, ತಿಂಗಳೊಪ್ಪತ್ತಿನಲ್ಲಿ ಮುಂಬಯಿಯಿಂದ ಪ್ಲೇಟು ಬಂದವು. ಆಮೇಲೆ ಕಾಕಾ ಇಲ್ಲದೆ ನಾನು ಹೊಳೆ ಗುಡ್ಡಗಳಿಗೆ ಹೋಗಲಿಲ್ಲ. ಕೂಲಿ ಎರಡು ರೂಪಾಯಿ, ಅವರೇ ಹೇಳಿದ್ದು. ನಿಂಗವ್ವನಿಗೆ ಎಂಟೂವರೆಯನ್ನೇ ಕೊಟ್ಟೆ. ಜನ್ಮದಲ್ಲಿ ಅದೊಂದೇ ಸಲ ನಾನು ಎದುರಿನವರು ಹೇಳಿದ ಬೆಲೆಗೆ ಕೊಂಡದ್ದು.

ಈಗ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊರಡುವವರಿಗೆ ಎರಡು ಮಾತು. ಕೇಳದಿದ್ದರೂ ಹೇಳುವುದು ನನ್ನ ರೂಢಿ. ಇರುವ ಫಿಲ್ಮಿನಲ್ಲಿ ಅರ್ಧವನ್ನು ಕೊನೆಯ ನೋಟಕ್ಕೆ ಮುಡಿಪಿಡಿ, ಮೊದಲ ಹೊಳೆಗೇ ಸುರಿಯಬೇಡಿ. ತೆಗೆದದ್ದನ್ನೂ ತೆಗೆಯಬೇಕಾದದ್ದನ್ನೂ ಒಂದೇ ಚೀಲದಲ್ಲಿ ಹಾಕಬೇಡಿ. ಗುಡ್ಡದ ಮುಂದೆ ನಿಂತಾಗ ಕ್ಯಾಮೆರಾ ಬಿಚ್ಚುವ ಮೊದಲು ಒಂದು ಎಲೆ ಅಡಿಕೆ ಮುಗಿಯುವಷ್ಟು ಹೊತ್ತು ಕೂತುಕೊಳ್ಳಿ. ನನಗೆ ಇಂದಿಗೂ ಅದು ಸಾಧ್ಯವಾಗಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಹಗೇವು, ಹಾಳು ಬಾವಿ, ಯಾವುದಕ್ಕೇ ಇಳಿಯುವುದಿರಲಿ, ದೀಪ ಮೊದಲು, ನೀವು ಆಮೇಲೆ. ಮೋಡ ಹೋದರೆ ಹೋಗಲಿ. ಒಬ್ಬರೇ ಅಂತೂ ಹೋಗಬೇಡಿ. ನೀವು ಯಾವಾಗ ಮಾತಾಡುತ್ತೀರಿ, ಯಾವಾಗ ಸುಮ್ಮನಿರುತ್ತೀರಿ ಎಂಬುದನ್ನು ಬಲ್ಲವನೊಬ್ಬ ಹಗ್ಗದ ಆ ತುದಿಗಿರಲಿ. ಲೆನ್ಸಿಗೆ ಚೌಕಾಸಿ ಮಾಡಿ, ಸ್ಟ್ಯಾಂಡಿಗೆ ಮಾಡಿ, ಬಸ್ಸಿನವನ ಜೊತೆಗೂ ಮಾಡಿ. ಆ ಹಗ್ಗ ಹಿಡಿದವನ ಕೂಲಿಯಲ್ಲಿ ಮಾತ್ರ ಎಂಟಾಣೆ ಉಳಿಸಲು ಹೋಗಬೇಡಿ.